ಬಿಗಿಯಾಗದ ಪ್ಯಾಂಟು

ಹೆಂಡತಿ ಗಂಡನಿಗೆ ಸರಿಯಾಗಿ ಊಟ ಹಾಕುವುದಿಲ್ಲ ಎನ್ನುವ ಮಾತು ಬೀದಿಯಲ್ಲಿ ಒಂದು ಸಲ ಹುಟ್ಟಿತೆಂದರೆ ಅದಕ್ಕೆ ಸಾವೆಂಬುದಿಲ್ಲ. ಹೊಲಿಗೆಯಕ್ಕ ಮೂವತ್ತೊಂದು ವರ್ಷ ಆ ಮಾತನ್ನು ತಲೆಯ ಮೇಲೆ ಹೊತ್ತು ತಿರುಗಿದವಳು. ಪಾಪ, ಅವಳ ತಪ್ಪೇನೂ ಇರಲಿಲ್ಲ. ಗಂಡನ ಮೈಕಟ್ಟೇ ಹಾಗೆ. ಬೆಳಗಿನಿಂದ ಸಂಜೆಯವರೆಗೆ ಬೇಕರಿಯ ಒಲೆಯ ಮುಂದೆ ನಿಂತು ಬ್ರೆಡ್ಡು ಬನ್ನು ಬೇಯಿಸುವ ಮನುಷ್ಯ ದುಂಡದುಂಡಗೆ ಇರಬೇಕೆಂದು ಜನ ಅದೇಕೋ ನಂಬಿಬಿಟ್ಟಿರುತ್ತಾರೆ. ಇವನೋ ನರಪೇತಲ. ಬೇಕರಿಯ ಯಜಮಾನನಿಂದ ಹಿಡಿದು ಬನ್ನಿಗೆ ಬರುವ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅವನು ‘ಕಡ್ಡಿ’. ಅವನ ಅಕ್ಕ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು, “ಮದುವೆಗೆ ಮುಂಚೆ ಹೀಗಿರಲಿಲ್ಲಪ್ಪ” ಎನ್ನುತ್ತಿದ್ದಳು. ಮದುವೆಯ ಫೋಟೊ ಅವಳ ತಲೆಯ ಮೇಲೇ ಗೋಡೆಯಲ್ಲಿತ್ತು. ಅದರಲ್ಲಿ ಮದುಮಗ ಇನ್ನೂ ತೆಳ್ಳಗಿದ್ದ. ಆದರೆ ಫೋಟೊ ತೋರಿಸಿ ಗಂಡನ ಅಕ್ಕನ ಎದುರು ವಾದ ಗೆದ್ದವರು ಯಾರಿದ್ದಾರೆ?

ಹೊಲಿಗೆಯಕ್ಕನ ಅಂಗಡಿ ಮನೆಯ ಮುಂದಿನ ಕೋಣೆಯೇ. ಎರಡು ಮಷಿನ್, ಒಂದು ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆಯ ಬಿಸಿಗೆ ಕಂದಿದ ಒಂದು ಹಲಗೆ. ಶಾಲೆಯ ಯೂನಿಫಾರ್ಮು, ಗಂಡಸರ ಪ್ಯಾಂಟು ಅಂಗಿ ಅವಳ ಮುಖ್ಯ ಕಸುಬು. ಉಳಿದಂತೆ ಹೊಲಿಗೆ ಬಿಚ್ಚಿ ಸಣ್ಣದು ಮಾಡುವುದು, ದೊಡ್ಡದು ಮಾಡುವುದು. ಬೀದಿಯಲ್ಲಿ ಯಾರು ದಪ್ಪಗಾದರು, ಯಾರು ಇಳಿದುಹೋದರು ಎನ್ನುವುದು ಅವರವರ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಟೇಪು ಹಿಡಿಯುವ ಮೊದಲೇ ಕಣ್ಣಳತೆಯಲ್ಲಿ ಸೊಂಟ ಹೇಳಿ, ಆಮೇಲೆ ಟೇಪು ಹಿಡಿದು, ತಾನೇ ಸರಿ ಎಂದು ತೋರಿಸಿ ಬೀಗುವ ಚಪಲ ಬೇರೆ ಇತ್ತು. ಅಳೆದದ್ದನ್ನೆಲ್ಲ ತಾರೀಖು ಹಾಕಿ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುವಳು.

ಈ ಕಥೆ ಶುರುವಾಗುವುದು ಒಂದು ಭಾನುವಾರ, ಗಂಡನ ಪ್ಯಾಂಟಿನ ಕೊಕ್ಕೆ ಕೂರದೆ ಹೋದಾಗ. ಅವನು ಉಸಿರು ಎಳೆದುಕೊಂಡು ಹೆಣಗಾಡುತ್ತಿದ್ದುದನ್ನು ಕಂಡು ಹೊಲಿಗೆಯಕ್ಕ ಓಡಿಹೋಗಿ ಟೇಪು ತಂದಳು. ಜೀವಮಾನವಿಡೀ ಮೂವತ್ತು ಇಂಚಿದ್ದ ಸೊಂಟ ಮೂವತ್ತೊಂದೂವರೆ. ಮಗಳು ಹುಟ್ಟಿದ ದಿನವೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ ಎಂದರೆ ಮಗಳಿಗೆ ಬೇಜಾರಾದೀತು, ಆದರೂ ಅದು ನಿಜ.

“ರೀ, ಮೈ ಬರ್ತಾ ಇದೆ ನಿಮಗೆ” ಎಂದಳು, ಲಾಟರಿ ಹೊಡೆದವಳ ದನಿಯಲ್ಲಿ.

“ಹೌದಾ?” ಎಂದು ಅವನು ಹೊಟ್ಟೆ ಮುಟ್ಟಿ ನೋಡಿಕೊಂಡ.

ಅರ್ಧ ಗಂಟೆಯೊಳಗೆ ಆ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಿಚಿದ್ದ ಬಟ್ಟೆ ಬಿಡಿಸಿ, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಕೊಟ್ಟಾಗಿತ್ತು. ಸಂಜೆಯ ಹೊತ್ತಿಗೆ ಉಳಿದ ನಾಲ್ಕಕ್ಕೂ ಅದೇ ಉಪಚಾರ. ಎರಡೋ ಮೂರೋ ವಾರಕ್ಕೆ ಮತ್ತೆ ಅರ್ಧ ಇಂಚು. ಆಮೇಲೆ ಒಂದು. ಅವನು ಬಿಗಿ ಎಂದು ಬಾಯಿ ಬಿಡುವ ಪ್ರಶ್ನೆಯೇ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿಂತಿದ್ದಾಗಲೇ ಅವಳ ಟೇಪು ಅವನ ಸೊಂಟ ಸುತ್ತಿ ಬಂದಿರುತ್ತಿತ್ತು. ಬಿಡಿಸಲು ಬಟ್ಟೆ ಮುಗಿದಾಗ ಅದೇ ಬಣ್ಣದ ಪಟ್ಟಿ ಸೇರಿಸಿದಳು. ಅದೂ ಸಾಲದಾದಾಗ ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಹೊಸದಾಗಿ ಮೂರು ಹೊಲಿದಳು. ಕಾಲುಚೀಲ ಕಾಲಿಗೆ ಗುರುತು ಬೀಳಿಸುತ್ತಿತ್ತು. ಅದರ ಬಾಯಿ ಕತ್ತರಿಸಿ ಮೆತ್ತನೆಯ ಪಟ್ಟಿ ಹೊಲಿದಳು. ಅಂಗಾತ ಮಲಗಿದರೆ ಎದೆ ಒತ್ತಿದ ಹಾಗಾಗುತ್ತದೆ ಎಂದ. ಎರಡನೆಯ ದಿಂಬು ಕೊಟ್ಟಳು. ಅದೂ ಸಾಲದು ಎಂದಾಗ ಅಂಗಡಿಯ ಚಿಂದಿ ತುಂಬಿ, ಹೂವಿನ ಬಟ್ಟೆಯಲ್ಲಿ ಮೂರನೆಯ ದಿಂಬು ಹೊಲಿದುಕೊಟ್ಟಳು. ಕೆಮ್ಮು ಬಂದರೆ ಮೈದಾ ಹಿಟ್ಟಿನ ಧೂಳು. ಕಾಲು ಭಾರವಾದರೆ ಒಲೆಯ ಮುಂದೆ ನಿಂತದ್ದು. ಸುಸ್ತಾದರೆ ವಯಸ್ಸು. ಮನೆಯಲ್ಲಿ ತಟ್ಟೆ ಅರ್ಧಕ್ಕೆ ಬಿಟ್ಟರೆ, “ಬೇಕರಿಯಲ್ಲಿ ತಿಂದೆ ಕಣೆ” ಎಂದು ಅವನೇ ಹೇಳುತ್ತಿದ್ದ. ಒಂದೊಂದಕ್ಕೂ ಒಂದೊಂದು ಕಾರಣ, ಎಲ್ಲವೂ ಒಪ್ಪುವಂಥವೇ.

ಆ ಬೇಸಿಗೆಯಲ್ಲಿ ಗಂಡನ ಅಕ್ಕ ಬಂದಳು. ಬಾಗಿಲಲ್ಲಿ ನಿಂತಳು, ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು, ನಿಟ್ಟುಸಿರು ಬಿಡಲು ಏನೂ ಸಿಗಲಿಲ್ಲ. “ಅಂತೂ ಮೈ ತುಂಬ್ಕೊಂಡಿದ್ದಾನೆ” ಎಂದು ಒಪ್ಪಿಕೊಂಡಳು. ಹೊಲಿಗೆಯಕ್ಕ ಅಂದು ನೆಲದ ಮೇಲೆ ಕಾಲೂರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆಕರೆದು, “ಇನ್ನು ಕಡ್ಡಿ ಅನ್ಬೇಡಿ ಅವರನ್ನ, ಮೂವತ್ತಾರು ಇಂಚು ಈಗ” ಎಂದು ಹೇಳಿಕೊಂಡಳು. ಅವನು ಅಂಗಡಿಯ ಬೆಂಚಿನ ಮೇಲೆ ಕೂತು ಸುಮ್ಮನೆ ನಗುತ್ತಿದ್ದ.

ಮೊದಲ ಪ್ಯಾಂಟು ಬಿಡಿಸಿ ಏಳು ತಿಂಗಳಾದ ಮೇಲೆ ಮಗಳು ರಜೆಗೆ ಬಂದಳು. ಅವಳು ಬೇರೆ ಊರಿನಲ್ಲಿ ಶಾಲೆಯ ಟೀಚರು, ಹಿಂದಿನ ಸಲ ಬಂದುಹೋಗಿ ನಾಲ್ಕು ತಿಂಗಳಾಗಿತ್ತು. ಮಧ್ಯಾಹ್ನ ಅಪ್ಪ ಕುರ್ಚಿಯಲ್ಲಿ ಕೂತಂತೆಯೇ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಪಾದ ಕುರ್ಚಿಯ ಕೆಳಗೆ ಎರಡು ದಿಂಬಿನಂತೆ ಬಿದ್ದಿದ್ದವು. ಮಗಳು ನೆಲಕ್ಕೆ ಕೂತು, ನೋವಿರಬೇಕೆಂದು ಮೆಲ್ಲಗೆ ಒತ್ತಿದಳು. ಹೆಬ್ಬೆರಳು ತೆಗೆದಾಗ ಅಲ್ಲೊಂದು ಗುಳಿ. ನಾದಿದ ಹಿಟ್ಟಿನಲ್ಲಿ ಬೆರಳೊತ್ತಿದ ಹಾಗೆ. ಮಗಳು ಕಾದಳು. ಗುಳಿ ತುಂಬಿಕೊಳ್ಳಲಿಲ್ಲ.

“ಅಮ್ಮಾ, ಇಲ್ಲಿ ಬಾ” ಎಂದಳು. ಅವಳ ದನಿ ಕೇಳಿ ಹೊಲಿಗೆಯಕ್ಕ ಮಷಿನ್ನಿನ ಮೇಲೆ ಅರ್ಧ ಹೊಲಿದದ್ದನ್ನು ಹಾಗೇ ಬಿಟ್ಟು ಬಂದಳು.

ಆಸ್ಪತ್ರೆಯ ಬಾಗಿಲಿಂದ ವೈದ್ಯರ ಕೋಣೆಯವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅವನು ಎರಡು ಸಲ ಗೋಡೆ ಹಿಡಿದು ನಿಂತ. ಮಗಳ ವಯಸ್ಸಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದಳು, ಕುತ್ತಿಗೆಯ ನರ ನೋಡಿದಳು, ಹೊಟ್ಟೆ ತಟ್ಟಿದಳು, ಕಾಲನ್ನು ಮಂಡಿಯವರೆಗೆ ಒತ್ತುತ್ತಾ ಬಂದಳು. ಮಂಡಿಯ ಮೇಲೂ ಗುಳಿ ಬಿತ್ತು.

“ಎಷ್ಟು ದಿನದಿಂದ ಊದ್ಕೊಂಡಿದೆ?”

“ಊದಿಲ್ಲ ಡಾಕ್ಟ್ರೇ, ಮೈ ಬಂದಿದೆ ಅಷ್ಟೆ” ಎಂದಳು ಹೊಲಿಗೆಯಕ್ಕ.

ಡಾಕ್ಟರು ಅವಳ ಕಡೆ ನೋಡಿ, ಮತ್ತೆ ಅವನ ಕಡೆ ತಿರುಗಿದಳು. “ಪ್ಯಾಂಟು ಯಾವಾಗಿಂದ ಬಿಗಿ ಆಗೋಕೆ ಶುರುವಾಯ್ತು? ಸುಮಾರಾಗಿ ಹೇಳಿ. ಎಲ್ಲರಿಗೂ ಅದರಿಂದಲೇ ಗೊತ್ತಾಗೋದು.”

“ಒಂದು ದಿನಾನೂ ಬಿಗಿ ಆಗಿಲ್ಲ” ಎಂದ ಅವನು, ಉಸಿರಿಗೂ ಉಸಿರಿಗೂ ನಡುವೆ. ಮುಖದಲ್ಲೊಂದು ಹೆಮ್ಮೆ. “ನಮ್ಮನೆಯವಳು ಟೈಲರು. ಬಿಗಿ ಆಗೋಕೆ ಬಿಡಲ್ಲ.”

ಡಾಕ್ಟರ ಪೆನ್ನು ನಿಂತಿತು. ಹೊಲಿಗೆಯಕ್ಕನಿಗೆ ಆ ಕ್ಷಣದಲ್ಲಿ ಪೂರ್ತಿ ಅರ್ಥವಾಗಲಿಲ್ಲ. ಏನೋ ತಪ್ಪಾಗಿದೆ, ಅದು ತನ್ನ ಕೈಯಿಂದ ಆಗಿದೆ ಎಂಬಷ್ಟು ಮಾತ್ರ ಹೊಳೆಯಿತು.

ಸ್ಕ್ಯಾನು ಮುಗಿದ ಮೇಲೆ ಡಾಕ್ಟರು ತಾಯಿ ಮಗಳನ್ನು ಕೂರಿಸಿಕೊಂಡು ಹೇಳಿದಳು. ಹಾರ್ಟು ಸೋತಿದೆ. ಒತ್ತಬೇಕಾದಷ್ಟು ರಕ್ತವನ್ನು ಅದಕ್ಕೆ ಒತ್ತಲಾಗುತ್ತಿಲ್ಲ. ಕಿಡ್ನಿಗೆ ರಕ್ತ ಕಡಿಮೆಯಾದಾಗ ಮೈಯಲ್ಲಿ ನೀರೇ ಕಡಿಮೆ ಇದೆಯೆಂದು ಅದು ತಿಳಿದುಕೊಂಡು, ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗೆ ಇಳಿಯುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ, ಶ್ವಾಸಕೋಶಕ್ಕೆ ಏರುತ್ತದೆ.

“ಹಾಗಾದ್ರೆ ಅದು ಮೈ ಅಲ್ವಾ?” ಎಂದು ಕೇಳಿದಳು ಹೊಲಿಗೆಯಕ್ಕ. ಇಷ್ಟು ಹೇಳಿದ ಮೇಲೂ ಕೇಳಿದಳು.

“ಮೈ ಅಲ್ಲಮ್ಮ. ನೀರು.”

ಏಳು ತಿಂಗಳು ಹೊಲಿಗೆಯಕ್ಕ ಬೀದಿಗೆಲ್ಲ ಸಾರಿಕೊಂಡು ಬಂದದ್ದು ನೀರು. ಗಂಡನ ಅಕ್ಕನ ಬಾಯಿ ಮುಚ್ಚಿಸಿದ್ದು ನೀರು. ಕಾಯಿಲೆ ಒಂದೊಂದೇ ಕಡೆಯಿಂದ ಬಾಯಿ ತೆರೆದು ಹೇಳಲು ನೋಡಿತ್ತು, ಸೊಂಟದಲ್ಲಿ, ಕಾಲುಚೀಲದಲ್ಲಿ, ದಿಂಬಿನಲ್ಲಿ. ಒಂದೊಂದು ಬಾಯನ್ನೂ ಅವಳು ಅಂದಂದೇ ಹೊಲಿದು ಮುಚ್ಚಿದ್ದಳು. ಬೇರೆ ಯಾರೇ ಹೆಂಡತಿಯಾಗಿದ್ದರೂ ಗಂಡ ಪ್ಯಾಂಟು ಬಿಗಿ ಎಂದು ಗೊಣಗಿ, ಎರಡನೆಯ ತಿಂಗಳಿಗೇ ಡಾಕ್ಟರ ಬಳಿ ಬಂದಿರುತ್ತಿದ್ದ.

ಅವನನ್ನು ಅಂದೇ ವಾರ್ಡಿಗೆ ಹಾಕಿದರು. ನೀರು ಇಳಿಸುವ ಇಂಜೆಕ್ಷನ್ನು ನರಕ್ಕೆ ಕೊಟ್ಟು ಅರ್ಧ ಗಂಟೆಯಲ್ಲಿ ಮೂತ್ರದ ಚೀಲ ತುಂಬತೊಡಗಿತು. ಸಿಸ್ಟರು ಬಂದು ಅಳತೆಯ ಜಾಡಿಗೆ ಸುರಿದು, ಗೆರೆ ನೋಡಿ, ಚೀಟಿಯಲ್ಲಿ ಬರೆದು, ಮತ್ತೆ ಬಂದು ಮತ್ತೆ ಸುರಿಯುತ್ತಿದ್ದಳು. ಮೊದಲ ದಿನವೇ ಮೂರೂವರೆ ಲೀಟರ್. ಕುಡಿಯಲು ಮಾತ್ರ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಕೊಡಬಾರದು. ಒಲೆಯ ಮುಂದೆ ಚೊಂಬುಗಟ್ಟಲೆ ನೀರು ಕುಡಿದು ಬೆಳೆದ ಮನುಷ್ಯ. “ಒಂದು ಗುಟುಕು ಕೊಡೆ” ಎಂದು ಚಿಕ್ಕ ಮಗುವಿನಂತೆ ಹೆಂಡತಿಯ ಕೈ ಹಿಡಿದುಕೊಂಡ. ಮೈಯೆಲ್ಲ ನೀರು ತುಂಬಿಕೊಂಡವನು ನೀರಿಗೆ ಗೋಗರೆಯುತ್ತಿದ್ದ. ಹೊಲಿಗೆಯಕ್ಕ ಒದ್ದೆ ಹತ್ತಿಯಿಂದ ಅವನ ತುಟಿ ಒರೆಸಿದಳು.

ಮೂರನೆಯ ದಿನ ಬೆಳಿಗ್ಗೆ ಅವನ ಮೀನಖಂಡ ಹಿಡಿದುಕೊಂಡಿತು, ಬಿ.ಪಿ. ಇಳಿಯಿತು, ಕೈಕಾಲು ತಣ್ಣಗಾದವು. ನೀರಿನ ಜತೆ ರಕ್ತದ ಪೊಟ್ಯಾಸಿಯಂ ಕೂಡ ಹೊರಟುಹೋಗಿದೆ, ಅದು ಕಡಿಮೆಯಾದರೆ ಹಾರ್ಟಿನ ಬಡಿತ ತಪ್ಪುತ್ತದೆ ಎಂದರು. ಇಂಜೆಕ್ಷನ್ ಅರ್ಧ ದಿನ ನಿಲ್ಲಿಸಿದರು. ಕೊಟ್ಟರೆ ಹೀಗೆ, ಕೊಡದಿದ್ದರೆ ನೀರು ಶ್ವಾಸಕೋಶಕ್ಕೆ. ಆ ಅರ್ಧ ದಿನ ಹೊಲಿಗೆಯಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದಳು. ಸಿಸ್ಟರು ಎರಡು ಸಲ ಕೂತ್ಕೊಳ್ಳಿ ಎಂದದ್ದು ಅವಳ ಕಿವಿಗೇ ಬೀಳಲಿಲ್ಲ. ಮಧ್ಯಾಹ್ನದ ಮೇಲೆ ಬಿ.ಪಿ. ಏರಿತು, ಮತ್ತೆ ಶುರು ಮಾಡಿದರು.

ಅಂದು ಸಂಜೆ ಡಾಕ್ಟರು ಮತ್ತೆ ಕೇಳಿದಳು. ಯಾವ ತಿಂಗಳಿಂದ ಶುರು ಎಂದು ಅಂದಾಜಾದರೂ ಬೇಕು. ಹೊಲಿಗೆಯಕ್ಕ ಅಂದಾಜು ಹೇಳಲಿಲ್ಲ. ಮಗಳನ್ನು ಮನೆಗೆ ಕಳಿಸಿ ಪುಸ್ತಕ ತರಿಸಿದಳು.

ಡಾಕ್ಟರು ಪುಟ ತಿರುಗಿಸಿದಳು. ತಾರೀಖು, ಸೊಂಟ, ತಾರೀಖು, ಸೊಂಟ. ಮೂವತ್ತು. ಮೂವತ್ತೊಂದೂವರೆ. ಮೂವತ್ತೆರಡು. ಮೂವತ್ತಮೂರು. ಕೊನೆಯದು ಮೂವತ್ತೆಂಟು. ಪೆನ್ಸಿಲ್ಲಿನ ಗುಂಡು ಅಕ್ಷರ, ಒಂದು ಕಡೆಯೂ ಚಿತ್ತಿಲ್ಲ. ಎರಡು ಕಡೆ ಪಕ್ಕದಲ್ಲಿ ನಗುವ ಮುಖ ಬೇರೆ ಬರೆದಿತ್ತು. ಅದನ್ನು ನೋಡಿ ಹೊಲಿಗೆಯಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

“ಈ ಇನ್ನೊಂದು ಸಾಲು ಏನು?”

“ತೋಳಿನ ಸುತ್ತಳತೆ. ಅಂಗಿಗೆ.”

ತೋಳು ಹತ್ತೂವರೆ. ಹತ್ತು. ಒಂಬತ್ತೂಮುಕ್ಕಾಲು. ಒಂಬತ್ತು. ಡಾಕ್ಟರು ಆ ಸಾಲಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಇಳಿಸಿದಳು. ಸೊಂಟ ಏರುತ್ತಿದ್ದ ಪ್ರತಿ ತಾರೀಖಿನಲ್ಲೂ ತೋಳು ಇಳಿಯುತ್ತಿತ್ತು. ಹೊಲಿಗೆಯಕ್ಕ ತೋಳನ್ನು ಹಿಡಿದು ಬರೆದಿದ್ದಳು, ಅಂಗಿಯ ತೋಳನ್ನು ಅದಕ್ಕೆ ತಕ್ಕಂತೆ ಸಣ್ಣದೂ ಮಾಡಿದ್ದಳು. ಎರಡು ಸಾಲನ್ನು ಒಟ್ಟಿಗೆ ಓದಿರಲಿಲ್ಲ, ಅಷ್ಟೆ.

“ಇಷ್ಟು ಸರಿಯಾಗಿ ಯಾರೂ ಬರೆದುಕೊಂಡು ಬಂದಿಲ್ಲ ನನ್ನ ಹತ್ತಿರ” ಎಂದಳು ಡಾಕ್ಟರು. “ಇದು ಮೊದಲೇ ಸಿಕ್ಕಿದ್ರೆ…” ಎಂದವಳು ನಾಲಿಗೆ ಕಚ್ಚಿಕೊಂಡು ಪುಸ್ತಕ ಮುಚ್ಚಿ ಕೊಟ್ಟಳು. ಹೊಗಳಿಕೆಯೇ ಅದು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮಗಳು ಹೊರಗೆ ಬಂದ ಮೇಲೆ ಸಿಡಿದಳು. “ಊರಲ್ಲಿರೋರ ಮೈಯೆಲ್ಲ ಕಣ್ಣಲ್ಲೇ ಅಳೀತೀಯ. ಅಪ್ಪನ ಮೈ ಕಾಣಲಿಲ್ವಾ ನಿನಗೆ?”

ಹೊಲಿಗೆಯಕ್ಕ ಪುಸ್ತಕ ತೆರೆದು ಆ ನಗುವ ಮುಖಗಳನ್ನು ಬೆರಳಿನಿಂದ ಉಜ್ಜತೊಡಗಿದಳು. ಮಗಳಿಗೆ ಅದನ್ನು ಕಂಡು ಇನ್ನಷ್ಟು ಹೆದರಿಕೆಯಾಗಿ, ಅಮ್ಮನ ಭುಜ ಹಿಡಿದುಕೊಂಡು ಅತ್ತಳು.

ದಿನಾ ಬೆಳಿಗ್ಗೆ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಸೇರಿದ ದಿನ ಅರವತ್ತೊಂಬತ್ತು ಕೆಜಿ. ಅರವತ್ತಾರೂವರೆ. ಅರವತ್ತೈದು. ಅರವತ್ತಮೂರು. ಹತ್ತನೆಯ ದಿನ ಐವತ್ತೆಂಟು. ಹನ್ನೊಂದು ಕೆಜಿ ನೀರು ಹೋಗಿತ್ತು. ಉಸಿರು ತಿಳಿಯಾಗಿತ್ತು, ಒಂದೇ ದಿಂಬಿನಲ್ಲಿ ಅಂಗಾತ ಮಲಗುತ್ತಿದ್ದ. ಅಂದು ಸಿಸ್ಟರು ಮೈ ಒರೆಸಲು ಅಂಗಿ ಬಿಚ್ಚಿದಾಗ ಹೊಲಿಗೆಯಕ್ಕ ನೀರಿನ ಬೋಗುಣಿ ಹಿಡಿದು ಪಕ್ಕದಲ್ಲಿದ್ದಳು. ಭುಜದ ಮೂಳೆ ಎರಡೂ ಕಡೆ ಎದ್ದು ನಿಂತಿತ್ತು. ತೊಡೆಯ ಚರ್ಮ ಜೋತುಬಿದ್ದಿತ್ತು, ಒಳಗೆ ಮಾಂಸವೇ ಇಲ್ಲ. ಮೂವತ್ತೊಂದು ವರ್ಷ ಬೀದಿ ಕಡ್ಡಿ ಎಂದು ಕರೆದ ಮನುಷ್ಯ ಇವನಲ್ಲ. ಅವನೇ ಇವನಿಗಿಂತ ಎಷ್ಟೋ ವಾಸಿ ಇದ್ದ. ತಾನು ಹಿಗ್ಗುತ್ತಾ ಬಟ್ಟೆ ಬಿಡಿಸುತ್ತಿದ್ದ ಏಳು ತಿಂಗಳೂ ಅದರೊಳಗೆ ಗಂಡ ಕರಗುತ್ತಿದ್ದ ಎಂಬುದು ಕಣ್ಣೆದುರಿಗೆ ಬಂತು.

ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದಳು. ಹಾರ್ಟು ಮೊದಲಿನ ಹಾಗೆ ಆಗುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು. ನೀರು ಇಳಿಸುವ ಮಾತ್ರೆ ದಿನಾ ಬೆಳಿಗ್ಗೆ, ಜತೆಗೆ ಹಾರ್ಟಿನ ಮಾತ್ರೆಗಳು, ಯಾವುದನ್ನೂ ಬಿಡುವಂತಿಲ್ಲ. ಉಪ್ಪು ಕಡಿಮೆ. ದಿನಾ ಬೆಳಿಗ್ಗೆ ತೂಕ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಆ ಕ್ಷಣ ಬರಬೇಕು. “ಇನ್ನೊಂದು ಸಲ ಇಷ್ಟು ತುಂಬಿಕೊಂಡ್ರೆ ನನ್ನ ಕೈಲೂ ಆಗಲ್ಲಮ್ಮ” ಎಂದಳು.

ಹೊಲಿಗೆಯಕ್ಕ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬಂದಳು. ಅಡುಗೆಯಲ್ಲಿ ಉಪ್ಪನ್ನು ಎಷ್ಟು ಇಳಿಸಿದಳೆಂದರೆ ಮಗಳು ಊರಿಗೆ ಹೋಗುವ ದಿನಕ್ಕಾಗಿ ಕಾಯತೊಡಗಿದಳು. ಐದು ವಾರವಾದ ಮೇಲೆ, ಒಲೆಯ ಕಡೆ ತಲೆ ಹಾಕದೆ ಮುಂದಿನ ಕಟ್ಟೆಯಲ್ಲಿ ಕೂತು ಬ್ರೆಡ್ಡು ಕಟ್ಟಿಕೊಡಬಹುದೆಂದು ಡಾಕ್ಟರು ಒಪ್ಪಿದಳು. ಅಲ್ಲಿಯವರೆಗೆ ಅವಳೇ ದಿನಾ ಔಷಧಿ ಅಂಗಡಿಗೆ ಕರೆದೊಯ್ದು ತೂಕ ನೋಡಿಸುತ್ತಿದ್ದಳು. ಬೇಕರಿಯಲ್ಲಿ ಹಿಟ್ಟಿನ ಮೂಟೆ ತೂಗುವ ದೊಡ್ಡ ಯಂತ್ರವಿತ್ತು. ಇನ್ನು ಔಷಧಿ ಅಂಗಡಿ ಯಾಕೆ, ಬೆಳಿಗ್ಗೆ ಹೋದ ತಕ್ಷಣ ಅದರ ಮೇಲೇ ನಿಂತು ನೋಡಿ ಫೋನು ಮಾಡುತ್ತೇನೆ ಎಂದ ಅವನು. ಮಾಡುತ್ತಲೂ ಇದ್ದ. ನೀರಿನ ಮಾತ್ರೆಯನ್ನೂ ಅಲ್ಲೇ, ತಿಂಡಿ ತಿಂದ ಮೇಲೆ ನುಂಗುತ್ತೇನೆಂದು ಜೇಬಿನಲ್ಲಿ ಹಾಕಿಕೊಂಡು ಹೋಗುತ್ತಿದ್ದ.

“ಐವತ್ತೆಂಟು ಕಣೆ.”

“ಐವತ್ತೆಂಟಾ? ಸದ್ಯ” ಎಂದು ಅವಳು ಉಸಿರು ಬಿಟ್ಟು ಮಷಿನ್ನಿಗೆ ಕೂರುತ್ತಿದ್ದಳು.

ಎರಡನೆಯ ದಿನ ಐವತ್ತೆಂಟು. ಮೂರನೆಯ ದಿನ ಐವತ್ತೆಂಟು. ಎಂಟನೆಯ ದಿನವೂ ಐವತ್ತೆಂಟು ಎಂದು ಫೋನು ಇಟ್ಟ ಮೇಲೆ ಹೊಲಿಗೆಯಕ್ಕನ ಕಾಲು ಮಷಿನ್ನಿನ ಮೇಲೆ ತಟ್ಟನೆ ನಿಂತಿತು. ಮೂವತ್ತು ವರ್ಷ ಜನರ ಮೈ ಅಳೆದವಳು. ಯಾವ ಮೈಯೂ ಎಂಟು ದಿನ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದೆ ಇರುವುದಿಲ್ಲ. ಆಸ್ಪತ್ರೆಯಲ್ಲೇ ದಿನಕ್ಕೊಂದು ತೂಕ ಇತ್ತಲ್ಲ. ಅಂಗಡಿಯ ಬಾಗಿಲು ತೆರೆದೇ ಬಿಟ್ಟು ಬೇಕರಿಗೆ ನಡೆದಳು.

ಅವನು ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಗೆ ಒರಗಿ ಕೂತಿದ್ದ. ಹೆಂಡತಿಯನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕೂತ.

“ನಿಂತ್ಕೊಳ್ಳಿ ಅದರ ಮೇಲೆ” ಎಂದಳು.

“ಈಗ ತಾನೆ ನಿಂತಿದ್ದೆ. ಐವತ್ತೆಂಟು.”

“ನಿಂತ್ಕೊಳ್ಳಿ.”

ಅವನು ಚಪ್ಪಲಿ ಬಿಟ್ಟು ಯಂತ್ರ ಹತ್ತಿದ. ಅರವತ್ತೆರಡೂ ಕಾಲು.

ಹೊಲಿಗೆಯಕ್ಕ ಅವನ ಜೇಬಿಗೆ ಕೈ ಹಾಕಿದಳು. ಎಂಟು ದಿನದ ನೀರಿನ ಮಾತ್ರೆ, ಕಾಗದದ ಒಂದೊಂದೇ ಪೊಟ್ಟಣ, ಕಟ್ಟಿದ ಹಾಗೇ ಇದ್ದವು.

“ಅದು ನುಂಗಿದ್ರೆ ಹತ್ತು ನಿಮಿಷಕ್ಕೊಂದು ಸಲ ಓಡಬೇಕು” ಎಂದ ಅವನು ನೆಲ ನೋಡುತ್ತಾ. “ಎದುರಿಗೆ ಜನ ನಿಂತಿರ್ತಾರೆ. ಯಜಮಾನ್ರು ಮುಖ ಸಿಂಡರಿಸ್ತಾರೆ.”

“ಹಾಗಂತ ಹೇಳ್ಬೇಕಿತ್ತು. ಐವತ್ತೆಂಟು ಅಂತ ಯಾಕೆ ಹೇಳಿದ್ರಿ?”

“ಐವತ್ತೆಂಟು ಅಂದ್ರೆ ನೀನು ಸದ್ಯ ಅಂತೀಯಲ್ಲ. ಅದನ್ನ ಕೇಳೋಕೆ.”

ಅವಳಿಗೆ ಬಾಯಿಗೆ ಬಂದಂತೆ ಬೈಯಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಇನ್ನೊಂದು ಯೋಚನೆ ತಲೆಗೆ ಬಂತು.

“ಆವಾಗ್ಲೂ ಗೊತ್ತಿತ್ತಾ ನಿಮಗೆ? ನಾನು ಪ್ಯಾಂಟು ಬಿಡಿಸ್ತಿದ್ದಾಗ?”

“ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಮೈ ಅಲ್ಲ ಅಂತ ಗೊತ್ತಿತ್ತು. ಇಲ್ಲೂ ತಿಂತಿರಲಿಲ್ಲ, ಮನೇಲೂ ತಿಂತಿರಲಿಲ್ಲ. ತಿನ್ನದೆ ಮೈ ಎಲ್ಲಿಂದ ಬರುತ್ತೆ? ಮೂಟೆ ಎತ್ತೋಕೂ ಆಗ್ತಿರಲಿಲ್ಲ ಕೈಯಲ್ಲಿ.”

“ಯಾಕೆ ಹೇಳಲಿಲ್ಲ?”

“ನೀನು ಟೇಪು ಹಿಡ್ಕೊಂಡು ನಗ್ತಾ ಬರ್ತಿದ್ದೆ. ನನ್ನಿಂದಾಗಿ ಮೂವತ್ತೊಂದು ವರ್ಷ ಮಾತು ಕೇಳಿದವಳು. ಹೇಗೆ ಹೇಳ್ಲಿ?”

ಹೊಲಿಗೆಯಕ್ಕ ಅಲ್ಲೇ ಹಿಟ್ಟು ಚೆಲ್ಲಿದ ನೆಲದ ಮೇಲೆ ಕೂತಳು. ಇಷ್ಟು ದಿನ ತನ್ನ ಕುರುಡುತನಕ್ಕೆ ತಾನು ಅತ್ತಿದ್ದಳು. ಈಗ ನೋಡಿದರೆ ತನ್ನ ನಗುವೇ ಅವನ ಬಾಯಿ ಕಟ್ಟಿತ್ತು. ಅಳು ಬರಲಿಲ್ಲ.

“ನನಗೆ ಗೊತ್ತಾಗದೆ ಮಾಡಿದ್ದಕ್ಕೆ ನಾನು ಸಾಯೋವರೆಗೂ ಅಳ್ತೀನಿ” ಎಂದಳು ಕೊನೆಗೆ. “ನಿಮಗೆ ಗೊತ್ತಿದ್ದೂ ಮಾಡಿದ್ದಕ್ಕೆ ಯಾರು ಅಳಬೇಕು? ನನ್ನನ್ನ ಖುಷಿಪಡಿಸೋದು ಬಿಟ್ಟುಬಿಡಿ. ಕೈಮುಗಿದು ಕೇಳ್ಕೊಳ್ತೀನಿ. ಇನ್ನು ಇದ್ದದ್ದು ಇದ್ದ ಹಾಗೆ ಹೇಳಿ.”

“ಹೇಳ್ಲಾ?”

“ಹೇಳಿ.”

ಅವನು ಯಂತ್ರದಿಂದ ಇಳಿದು, ಅವಳ ಪಕ್ಕ ಮೆಲ್ಲಗೆ ಕೂತು, ಉಸಿರು ಸಿಗುವವರೆಗೆ ಕಾದ.

“ಹೊರಗಿನ ಮೂರು ಮೆಟ್ಟಿಲು ಹತ್ತೋಕೆ ಇವತ್ತು ಎರಡು ಸಲ ಕೂತೆ. ನಂಗೆ ಭಯ ಆಗ್ತಿದೆ ಕಣೆ.”

ಅವನ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಅವಳು ಎದ್ದು, ಆಸ್ಪತ್ರೆಗೆ ಒಂದು ಗಾಡಿ ತರಿಸಿ ಎಂದು ಯಜಮಾನನನ್ನು ಕೂಗಿದಳು.